ಒಸಡನ್ನು ನೋಡುವವರು ನಿದ್ರೆಯನ್ನೂ ವಿಚಾರಿಸಲಿ: ಕರ್ನಾಟಕದ ದಂತವೈದ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ದಂತವೈದ್ಯ ಬಂಧುಗಳೆ,

ಆಯುಷ್ಯದ ಬಹುಭಾಗವನ್ನು ಸಾಮಾನ್ಯ ವೈದ್ಯವೃತ್ತಿಯಲ್ಲಿ ಕಳೆದು ಈಗ ವಿಶ್ರಾಂತನಾಗಿರುವ ನಾನು, ನಿಮ್ಮ ಶಾಸ್ತ್ರದಲ್ಲಿ ಅಧಿಕಾರವುಳ್ಳವನಲ್ಲದಿದ್ದರೂ, ನಿಮ್ಮ ಮುಂದೆ ಒಂದು ಕೋರಿಕೆಯನ್ನಿಡಲು ಅನುಮತಿ ಬೇಡುತ್ತೇನೆ. ಒಸಡಿನಿಂದ ರಕ್ತ ಒಸರುತ್ತದೆಂದೋ, ಬಾಯಿ ನಾರುತ್ತದೆಂದೋ, ಹಲ್ಲು ಅಲುಗಾಡುತ್ತದೆಂದೋ ನಿಮ್ಮ ಕುರ್ಚಿಯಲ್ಲಿ ಬಂದು ಒರಗುವ ನಡುವಯಸ್ಸಿನವರನ್ನು, ಸಕ್ಕರೆ ಕಾಯಿಲೆ ಉಂಟೆ, ಬೀಡಿ ಸಿಗರೇಟಿನ ಅಭ್ಯಾಸ ಉಂಟೆ ಎಂದು ವಿಚಾರಿಸುವ ಹೊತ್ತಿನಲ್ಲಿಯೇ, ರಾತ್ರಿ ಗೊರಕೆ ಹೊಡೆಯುವುದುಂಟೆ, ನಿದ್ದೆಯಲ್ಲಿ ನಿಮ್ಮ ಉಸಿರು ನಿಂತಂತಾಗುತ್ತದೆಂದು ಮನೆಯವರು ಎಂದಾದರೂ ಹೇಳಿದ್ದಾರೆಯೆ ಎಂದು ಮತ್ತೊಂದು ಪ್ರಶ್ನೆಯನ್ನು ಸೇರಿಸಿಕೊಳ್ಳಬೇಕೆಂಬುದೇ ಆ ಕೋರಿಕೆ. ಹಲ್ಲಿಗೂ ಗೊರಕೆಗೂ ಏನು ಸಂಬಂಧವೆಂದು ರೋಗಿ ನಕ್ಕಾನು. ನಿಮ್ಮಲ್ಲಿಯೂ ಕೆಲವರು ನಕ್ಕಾರು. ಆ ಸಂಬಂಧ ಎಷ್ಟರಮಟ್ಟಿಗೆ ನಿಶ್ಚಿತ, ಎಷ್ಟರಮಟ್ಟಿಗೆ ಇನ್ನೂ ಅನುಮಾನದ ಹಂತದಲ್ಲಿದೆ, ಅನುಮಾನದ ಹಂತದಲ್ಲಿದ್ದಾಗಲೂ ಕೇಳುವುದು ಏಕೆ ಕರ್ತವ್ಯ ಎಂಬುದನ್ನು ನಿವೇದಿಸಿಕೊಳ್ಳುವುದಕ್ಕಾಗಿ ಈ ದೀರ್ಘಪತ್ರ.

ನಿದ್ರೆಯಲ್ಲಿ ಶ್ವಾಸಮಾರ್ಗವು ಮುಚ್ಚಿಕೊಳ್ಳುವ ವ್ಯಾಧಿಯನ್ನು ಪಟ್ಟಣದ ಜನರು ಈಗ ಸ್ಲೀಪ್ ಆಪ್ನಿಯಾ ಎಂದೇ ಕರೆಯುವುದು ರೂಢಿಯಾಗಿದೆ. ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ರೆ ಆವರಿಸಿದೊಡನೆ ಅವು ಸಡಿಲಗೊಳ್ಳುತ್ತವೆ. ದಾರಿ ಸಹಜವಾಗಿಯೇ ವಿಶಾಲವಾಗಿದ್ದವರಿಗೆ ಇದರಿಂದ ಬಾಧಕವಿಲ್ಲ. ಆದರೆ ಕೊರಳಿನ ಸುತ್ತ ಮೇದಸ್ಸು ಬೆಳೆದವರಲ್ಲಿ, ಕೆಳದವಡೆ ಹಿಂದಕ್ಕೆ ಸರಿದಿರುವವರಲ್ಲಿ, ನಾಲಗೆ ದಪ್ಪವಾಗಿರುವವರಲ್ಲಿ, ಕಾಗದದ ನಳಿಗೆಯಿಂದ ಎಳನೀರನ್ನು ಬಲವಾಗಿ ಹೀರಿದಾಗ ನೆನೆದ ನಳಿಗೆಯ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಒಳಕ್ಕೆಳೆದುಕೊಳ್ಳುವ ಉಸಿರಿನ ಸೆಳೆತಕ್ಕೇ ಗಂಟಲು ಕುಸಿದು ಮುಚ್ಚಿಕೊಳ್ಳುತ್ತದೆ. ಎದೆ ಏದುತ್ತಿರುತ್ತದೆ, ಗಾಳಿ ಮಾತ್ರ ಒಳಹೋಗದು. ಹತ್ತು ಸೆಕೆಂಡಿಗೆ ಕಡಮೆಯಿಲ್ಲದೆ, ಕೆಲವೊಮ್ಮೆ ಅರ್ಧ ನಿಮಿಷಕ್ಕೂ ಮಿಗಿಲಾಗಿ ಈ ಸ್ತಂಭನ ನಡೆದು, ರಕ್ತದಲ್ಲಿನ ಆಮ್ಲಜನಕ ಇಳಿದು, ಮೆದುಳು ಗಾಬರಿಗೊಂಡು ಅರೆಯೆಚ್ಚರವನ್ನು ತಂದುಕೊಂಡಾಗ, ದೊಡ್ಡದೊಂದು ಗೊರಕೆಯೊಡನೆ ದಾರಿ ತೆರೆಯುತ್ತದೆ. ಮರುಕ್ಷಣವೇ ನಿದ್ರೆ, ಮತ್ತೆ ಕುಸಿತ. ಗಂಟೆಗೆ ಐದಕ್ಕಿಂತ ಹೆಚ್ಚು ಸಲ ಹೀಗಾದರೆ ರೋಗವೆಂದೂ, ಹದಿನೈದನ್ನು ದಾಟಿದರೆ ಮಧ್ಯಮವೆಂದೂ, ಮೂವತ್ತನ್ನು ಮೀರಿದರೆ ತೀವ್ರವೆಂದೂ ಗಣನೆ. ಇಷ್ಟೆಲ್ಲ ನಡೆದರೂ ರೋಗಿಗೆ ಬೆಳಗ್ಗೆ ನೆನಪಿರುವುದು ಒಣಗಿದ ಬಾಯಿ, ತಲೆನೋವು, ಎಷ್ಟು ಮಲಗಿದರೂ ತೀರದ ಆಯಾಸ, ಇಷ್ಟು ಮಾತ್ರ. 2019ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ಲೋಕದಲ್ಲಿ 30ರಿಂದ 69ರ ವಯಸ್ಸಿನವರಲ್ಲಿ 93 ಕೋಟಿಗೂ ಮಿಕ್ಕ ಜನರು ಅಲ್ಪವೋ ಅಧಿಕವೋ ಈ ವ್ಯಾಧಿಗೆ ಒಳಗಾಗಿದ್ದಾರೆ.

ಇದು ಹೊಸ ಕಾಲದ ರೋಗವೆಂದು ಭಾವಿಸುವವರುಂಟು. ವ್ಯಾಧಿ ಹಳೆಯದೇ, ಅದರ ಪರಿಚಯ ಮಾತ್ರ ಹೊಸತು. 1836ರಲ್ಲಿ ಕಂತು ಕಂತಾಗಿ ಹೊರಬರತೊಡಗಿದ ಡಿಕನ್ಸನ ಪಿಕ್‌ವಿಕ್ ಪೇಪರ್ಸ್ ಕಾದಂಬರಿಯಲ್ಲಿ, ಬಾಗಿಲು ಬಡಿಯುತ್ತಲೇ ನಿದ್ದೆಹೋಗುವ ಜೋ ಎಂಬ ದಢೂತಿ ಹುಡುಗನೊಬ್ಬನಿದ್ದಾನೆ. ಅವನ ನೆನಪಿನಿಂದಲೇ ಅಮೆರಿಕದ ವೈದ್ಯರು 1956ರಲ್ಲಿ ತಮ್ಮ ಒಬ್ಬ ಸ್ಥೂಲಕಾಯದ ರೋಗಿಯ ಅವಸ್ಥೆಗೆ ಪಿಕ್‌ವಿಕ್ಕನ ಹೆಸರಿಟ್ಟರು. ಆ ರೋಗಿ ವ್ಯಾಪಾರೋದ್ಯಮಿ. ಒಂದು ಸಂಜೆ ಇಸ್ಪೀಟಾಟದಲ್ಲಿ ಮೂರು ಎಕ್ಕಗಳೂ ಎರಡು ರಾಜರೂ ಕೈಗೆ ಬಂದಿದ್ದಾಗಲೂ ಕುಳಿತಲ್ಲಿಯೇ ತೂಕಡಿಸಿ ಆ ಭಾಗ್ಯವನ್ನು ಕಳೆದುಕೊಂಡ ಮೇಲೆಯೇ ತನಗೆ ಚಿಕಿತ್ಸೆ ಬೇಕೆಂಬ ನಿಶ್ಚಯಕ್ಕೆ ಬಂದನಂತೆ. ಮನುಷ್ಯನು ಆರೋಗ್ಯ ಕೆಟ್ಟುದಕ್ಕಿಂತ ಆಟ ಕೆಟ್ಟುದಕ್ಕೆ ಬೇಗ ಎಚ್ಚರಗೊಳ್ಳುತ್ತಾನೆ! ನಿದ್ರೆಯಲ್ಲಿ ಉಸಿರು ನಿಲ್ಲುವುದನ್ನು ಯಂತ್ರದಿಂದ ಬರೆದು ತೋರಿಸಿದವರು 1965ರಲ್ಲಿ ಫ್ರಾನ್ಸಿನ ಮಾರ್ಸೇಲ್ಸಿನ ಗ್ಯಾಸ್ಟೋ ಮತ್ತು ಅವರ ಸಂಗಡಿಗರು, ಹಾಗೂ ಅದೇ ಕಾಲದಲ್ಲಿ ಜರ್ಮನಿಯ ಸಂಶೋಧಕರು. ಸ್ಟ್ಯಾನ್‌ಫರ್ಡಿನ ಕ್ರಿಸ್ತಿಯಾನ್ ಗಿಯೆಮಿನೋ ಅವರು 1976ರಲ್ಲಿ ಇದಕ್ಕೆ ಈಗಿನ ಹೆಸರನ್ನೂ ಲಕ್ಷಣವನ್ನೂ ನಿರ್ಣಯಿಸಿಕೊಟ್ಟರು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಅವರು ಮೂಗಿನ ಮೂಲಕ ಸತತವಾಗಿ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಉಪಾಯವನ್ನು ಪ್ರಕಟಿಸಿದರು. ಇಂದು ಸಿಪ್ಯಾಪ್ ಎಂದು ಮನೆಮನೆಗೆ ಬಂದಿರುವ ಯಂತ್ರದ ಮೂಲ ಅದು.

ಇನ್ನು ಒಸಡಿನ ಮಾತು. ಇದನ್ನು ನಿಮಗೆ ಹೇಳಹೊರಡುವುದು ಧಾರ್ಷ್ಟ್ಯವಾದೀತಾದರೂ ನನ್ನ ವಾದಕ್ಕೆ ಬೇಕಾದ ಎರಡು ಅಧ್ಯಯನಗಳನ್ನು ಮಾತ್ರ ಸ್ಮರಿಸುತ್ತೇನೆ. ಎರಡೂ ಹರಾಲ್ಡ್ ಲೋಅ ಎಂಬ ನಾರ್ವೆಯ ವಿದ್ವಾಂಸರ ಹೆಸರಿನೊಡನೆ ಕೂಡಿದವು. 1965ರಲ್ಲಿ ಡೆನ್ಮಾರ್ಕಿನ ಆರ್ಹುಸಿನಲ್ಲಿ ಅವರು ಹನ್ನೆರಡು ಮಂದಿ ಆರೋಗ್ಯವಂತರನ್ನು ಹಲ್ಲುಜ್ಜದೆ ಇರಿಸಿದರು. ಎರಡು ಮೂರು ವಾರಗಳೊಳಗಾಗಿ ಪ್ರತಿಯೊಬ್ಬರ ಒಸಡೂ ಕೆಂಪೇರಿ ಬಾತುಕೊಂಡಿತು. ಹಲ್ಲುಜ್ಜಲು ಪುನಃ ತೊಡಗಿದೊಡನೆ ಎಲ್ಲವೂ ಶಾಂತವಾಯಿತು. ಹಲ್ಲಿನ ಮೇಲೆ ಕಟ್ಟುವ ಪಾಚಿಯೇ ಒಸಡಿನ ಉರಿಯೂತಕ್ಕೆ ಕಾರಣವೆಂಬುದು ಅಂದಿನಿಂದ ನಿರ್ವಿವಾದ. ಆದರೆ ಅದೇ ಲೋಅ ಅವರು 1970ರಿಂದ ಹದಿನೈದು ವರ್ಷಗಳ ಕಾಲ ಶ್ರೀಲಂಕೆಯ ಚಹಾ ತೋಟದ 480 ಮಂದಿ ಗಂಡು ಕೂಲಿಗಳ ಬಾಯಿಯನ್ನು ಪರಿಶೀಲಿಸಿದಾಗ ಕಂಡುಬಂದದ್ದು ಇನ್ನೂ ವಿಚಾರಪ್ರದವಾದದ್ದು. ಹಲ್ಲುಜ್ಜುವ ಪದ್ಧತಿಯೂ ದಂತವೈದ್ಯರ ದರ್ಶನವೂ ಇಲ್ಲದ ಆ ಶ್ರಮಜೀವಿಗಳೆಲ್ಲರ ಹಲ್ಲಿನ ಮೇಲೂ ಪಾಚಿ ದಟ್ಟವಾಗಿತ್ತು, ಎಲ್ಲರ ಒಸಡೂ ಊದಿತ್ತು. ಹಾಗಿದ್ದೂ ನೂರಕ್ಕೆ ಎಂಟು ಮಂದಿಯಲ್ಲಿ ಹಲ್ಲಿನ ಆಧಾರವು ಶೀಘ್ರವಾಗಿ ನಾಶವಾಯಿತು, ಎಂಬತ್ತೊಂದು ಮಂದಿಯಲ್ಲಿ ಮೆಲ್ಲಮೆಲ್ಲನೆ ಸವೆಯಿತು, ಹನ್ನೊಂದು ಮಂದಿಯಲ್ಲಿ ಉರಿಯೂತವು ಒಸಡಿನ ಅಂಚನ್ನು ದಾಟಿ ಕೆಳಗಿಳಿಯಲೇ ಇಲ್ಲ. ಮಲಿನತೆ ಎಲ್ಲರಿಗೂ ಸಮಾನ, ವಿನಾಶ ಮಾತ್ರ ಅಸಮಾನ. ಅಂದ ಮೇಲೆ ಒಸಡಿನ ಭವಿತವ್ಯವನ್ನು ನಿರ್ಣಯಿಸುವುದು ಪಾಚಿ ಒಂದೇ ಅಲ್ಲ, ಅದನ್ನು ಎದುರಿಸುವ ದೇಹದ ಸ್ಥಿತಿಯೂ ಅಹುದು. ಧೂಮಪಾನ, ಮಧುಮೇಹ ಇವು ಆ ಸ್ಥಿತಿಯನ್ನು ಕೆಡಿಸುವವೆಂಬುದನ್ನು ನೀವು ಬಲ್ಲಿರಿ, ಕೇಳಿಯೂ ಕೇಳುತ್ತೀರಿ. ರಾತ್ರಿಯೆಲ್ಲ ಉಸಿರು ಕಟ್ಟಿ ಬಿಡುವ ದೇಹವೂ ಆ ಗುಂಪಿಗೆ ಸೇರಿರಬಹುದೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಸೇರಿರಬಹುದೆಂದು ನಂಬುವುದಕ್ಕೆ ಕಾರಣಗಳುಂಟು. ಮೊದಲನೆಯದು ಕಣ್ಣಿಗೆ ಕಾಣುವಂಥದು, ಅದು ಬಾಯಿಯ ಶುಷ್ಕತೆ. ಲಾಲಾರಸವು ಬಾಯಿಯನ್ನು ತೊಳೆಯುವ ನೀರು ಮಾತ್ರವಲ್ಲ. ಕ್ರಿಮಿಗಳ ಕವಚವನ್ನು ಕರಗಿಸುವ ದ್ರವ್ಯಗಳೂ, ಅವುಗಳಿಗೆ ಕಬ್ಬಿಣ ದಕ್ಕದಂತೆ ಕಟ್ಟಿಡುವ ಪ್ರೋಟೀನೂ, ಪ್ರತಿಕಾಯಗಳೂ ಅದರಲ್ಲಿವೆ. ನಿದ್ರೆಯಲ್ಲಿ ಅದರ ಸ್ರಾವ ಎಲ್ಲರಿಗೂ ಬಹುತೇಕ ನಿಂತೇಹೋಗುತ್ತದೆ. ಅಂಥ ಸಮಯದಲ್ಲಿ ಮೂಗಿನಿಂದ ಸಾಲದ ಗಾಳಿಯನ್ನು ಬಾಯಿ ತೆರೆದು ಎಳೆದುಕೊಳ್ಳುವವನ ಒಸಡು, ಉಳಿದಿದ್ದ ತೇವವನ್ನೂ ಕಳೆದುಕೊಂಡು, ಆರೇಳು ಗಂಟೆಗಳ ಕಾಲ ಅರಕ್ಷಿತವಾಗಿರುತ್ತದೆ. ಬಾಯಿಂದ ಉಸಿರಾಡುವವರಲ್ಲಿ ಮೇಲಿನ ಸಾಲಿನ ಮುಂಭಾಗದ ಒಸಡು, ತುಟಿ ಮುಚ್ಚದಿರುವಷ್ಟು ಮಟ್ಟಿಗೆ ಮಾತ್ರ, ಗೆರೆ ಎಳೆದಂತೆ ಕೆಂಪಗೆ ಹೊಳೆಯುತ್ತ ಬಾತಿರುವುದನ್ನು ನಿಮ್ಮಲ್ಲಿ ನೋಡದವರಾರು? ಆ ಗೆರೆಯನ್ನು ಕಂಡು, ಚೆನ್ನಾಗಿ ಉಜ್ಜಿಕೊಳ್ಳಿ ಎಂದು ಹೇಳಿ ಕಳುಹಿಸುವುದು ಸುಲಭ. ಆತ ಉಜ್ಜುತ್ತಲೇ ಇದ್ದು ಅದು ಹಾಗೆಯೇ ಉಳಿದಿದ್ದರೆ, ಕುಂಚಕ್ಕೆ ಹೊರತಾದ ಕಾರಣವೊಂದು ಇರಬೇಕಲ್ಲವೆ?

ಎರಡನೆಯದು ಕಣ್ಣಿಗೆ ಕಾಣದ್ದು. ಆಮ್ಲಜನಕ ಇಳಿಯುವುದು, ಏರುವುದು, ಮತ್ತೆ ಇಳಿಯುವುದು, ಹೀಗೆ ರಾತ್ರಿಗೆ ನೂರಾರು ಸಲ ನಡೆದಾಗ ಜೀವಕೋಶಗಳಲ್ಲಿ ದಾಹಕವಾದ ಆಮ್ಲಜನಕದ ಕಣಗಳು ಹುಟ್ಟುತ್ತವೆ. ದೇಹದ ಉರಿಯೂತವನ್ನು ಪ್ರಚೋದಿಸುವ ಸಂದೇಶದ್ರವ್ಯಗಳು ರಕ್ತದಲ್ಲಿ ಏರುತ್ತವೆ. ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೆಚ್ಚಾಗಿ ಸುರಿಸುತ್ತದೆ. ಆಪ್ನಿಯಾ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಇಂಟರ್‌ಲ್ಯೂಕಿನ್-6 ಮೊದಲಾದ ದ್ರವ್ಯಗಳೇ ಹಲ್ಲಿನ ಸುತ್ತಣ ಮೂಳೆಯನ್ನು ಕರಗಿಸುವ ಕೆಲಸದಲ್ಲಿಯೂ ಭಾಗಿಗಳಾಗಿರುವವು. ಒಸಡಿನಲ್ಲಿ ಹೊತ್ತಿದ ಕಿಡಿಗೆ ದೇಹವಿಡೀ ಹರಡಿದ ಈ ಕಾವು ಇಂಧನವಾಗುವುದು ಅಸಂಭವವಲ್ಲ. ಇದು ವಿಲೋಮವಾಗಿಯೂ ನಡೆಯಬಹುದೆಂದು, ಎಂದರೆ ಒಸಡಿನ ಆಳದ ಕೀವಿನ ಚೀಲಗಳಿಂದ ರಕ್ತಕ್ಕೆ ಸೇರುವ ಉರಿಯೂತವು ದೇಹದ ಒಟ್ಟು ಉರಿಯೂತದ ಭಾರವನ್ನು ಹೆಚ್ಚಿಸೀತೆಂದು ಹೇಳುವವರೂ ಉಂಟು.

ಹಾಗಾದರೆ ಲೆಕ್ಕ ಏನು ಹೇಳುತ್ತದೆ? 2009ರಲ್ಲಿ ಆಸ್ಟ್ರೇಲಿಯದ ಕೆಲವು ಸಂಶೋಧಕರು 66 ಮಂದಿ ಆಪ್ನಿಯಾ ರೋಗಿಗಳ ಬಾಯಿಯನ್ನು ಪರೀಕ್ಷಿಸಿ, ಅವರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕವರಿಗೆ ಒಸಡಿನ ಆಳದ ರೋಗವಿರುವುದನ್ನೂ, ಅದು ಆ ದೇಶದ ಸಾಮಾನ್ಯ ಪ್ರಮಾಣದ ಸುಮಾರು ನಾಲ್ಕರಷ್ಟಾಗಿರುವುದನ್ನೂ ತೋರಿಸಿದರು. ಅಮೆರಿಕದಲ್ಲಿ ನೆಲೆಸಿರುವ ಸ್ಪ್ಯಾನಿಷ್ ಮೂಲದ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ವಯಸ್ಕರನ್ನು ಕುರಿತು 2015ರಲ್ಲಿ ಹೊರಬಂದ ಬೃಹತ್ ಅಧ್ಯಯನವೂ ಈ ಎರಡು ವ್ಯಾಧಿಗಳು ಜೊತೆಗೂಡಿ ಕಾಣಿಸಿಕೊಳ್ಳುವುದನ್ನೇ ಸಮರ್ಥಿಸಿತು. ಸಂಬಂಧ ದುರ್ಬಲವಾಗಿ ಕಂಡ ಅಧ್ಯಯನಗಳೂ ಇಲ್ಲದಿಲ್ಲ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುವುದು ನನ್ನ ಧರ್ಮ: ಎರಡು ವ್ಯಾಧಿಗಳು ಒಟ್ಟಿಗೆ ಇವೆ ಎಂದ ಮಾತ್ರಕ್ಕೆ ಒಂದು ಮತ್ತೊಂದರ ಜನಕವೆಂದು ಹೇಳಲಾಗದು. ವಯಸ್ಸು, ಸ್ಥೂಲತೆ, ಮಧುಮೇಹ, ತಂಬಾಕು ಇವು ಎರಡಕ್ಕೂ ಸಮಾನವಾದ ಹಿನ್ನೆಲೆ. ಗಂಡಸರಲ್ಲಿ ಎರಡೂ ಅಧಿಕ. ಈ ಸಮಾನ ಕಾರಣಗಳನ್ನು ಕಳೆದು ನೋಡಿದ ಮೇಲೂ ಸಂಬಂಧ ಉಳಿಯುತ್ತದೆಂದು ಹಲವರು ಹೇಳಿದರೂ, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಇತ್ಯರ್ಥವಾಗಿಲ್ಲ. ಆದುದರಿಂದ, ಹಲ್ಲು ಕ್ಲೀನ್ ಮಾಡಿಸಿದರೆ ಗೊರಕೆ ನಿಲ್ಲುತ್ತದೆಂದು ನಾಳೆ ಯಾರಾದರೂ ಫಲಕ ಬರೆಸಿ ಹಾಕಿದರೆ ಅದು ಶಾಸ್ತ್ರಕ್ಕೆ ಮಾಡಿದ ಅಪಚಾರ. ನನ್ನ ಕೋರಿಕೆ ಕಾರಣದ ನಿರ್ಣಯವನ್ನು ಅವಲಂಬಿಸಿದ್ದಲ್ಲ. ಒಂದು ವ್ಯಾಧಿ ಇರುವಲ್ಲಿ ಮತ್ತೊಂದು ಇರುವ ಸಂಭವ ಹೆಚ್ಚು ಎಂಬಷ್ಟೇ ಸತ್ಯವಾಗಿದ್ದರೂ, ಒಂದನ್ನು ಕಂಡವರು ಮತ್ತೊಂದನ್ನು ವಿಚಾರಿಸುವುದು ಯುಕ್ತ.

ಈ ಎರಡರ ನಡುವೆ ನಮ್ಮ ಕೈಯಿಂದಲೇ, ಎಂದರೆ ವೈದ್ಯರ ಲೇಖನಿಯಿಂದಲೇ ಹುಟ್ಟುವ ಕೊಂಡಿಯೊಂದಿದೆ. ಅದರ ಕಡೆಗೆ ಗಮನ ಕೊಡುವವರು ಕಡಮೆ. ಆಪ್ನಿಯಾ ಇರುವವರಲ್ಲಿ ರಕ್ತದೊತ್ತಡ ಏರುವುದು ಸಾಮಾನ್ಯ. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಸಮಿತಿಯೊಂದು ರಕ್ತದೊತ್ತಡದ ಪತ್ತೆಹಚ್ಚಬಲ್ಲ ಕಾರಣಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು. ಒತ್ತಡ ಏರಿದ ರೋಗಿ ನಮ್ಮ ಬಳಿಗೆ ಬರುತ್ತಾನೆ. ನಾವು, ನಿದ್ರೆಯ ವಿಚಾರವನ್ನು ಕೇಳದೆ, ಅಗ್ಗವೂ ಪರಿಣಾಮಕಾರಿಯೂ ಆದ ಆಮ್ಲೋಡಿಪಿನ್ ಮಾತ್ರೆಯನ್ನು ಬರೆದುಕೊಡುತ್ತೇವೆ. ಆ ಮಾತ್ರೆಯೂ ಅದರ ಸಗೋತ್ರಗಳೂ ಕೆಲವರಲ್ಲಿ ಒಸಡನ್ನು ಗಂಟುಗಂಟಾಗಿ ಬೆಳೆಸುತ್ತವೆ. ಬೆಳೆದ ಒಸಡಿನ ಮರೆಯಲ್ಲಿ ಪಾಚಿ ಸುಖವಾಗಿ ನೆಲೆಸುತ್ತದೆ. ಆಗ ರೋಗಿ ನಿಮ್ಮ ಬಳಿಗೆ ಬರುತ್ತಾನೆ. ಗಂಟಲಿನಲ್ಲಿ ತೊಡಗಿ, ಹೃದಯ ರಕ್ತನಾಳಗಳನ್ನು ಸುತ್ತಿ, ಔಷಧದ ಅಂಗಡಿಯನ್ನು ಹಾದು, ವ್ಯಾಧಿಯು ಪುನಃ ಗಂಟಲಿಗೆ ಮೂರು ಅಂಗುಲ ಈಚೆಗಿರುವ ಒಸಡಿಗೇ ಬಂದು ಸೇರಿದಂತಾಯಿತು. ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದೆಂದು ರೋಗಿಗೆ ಹೇಳಿ, ಬೇರೆ ಮಾತ್ರೆ ಸಾಧ್ಯವೆ ಎಂದು ವೈದ್ಯರಿಗೆ ಚೀಟಿ ಬರೆದು ವಿಚಾರಿಸುವುದು ನಿಮ್ಮಲ್ಲಿ ರೂಢಿಯೇ ಆಗಿದೆ. ಆ ಚೀಟಿಯಲ್ಲಿಯೇ ನಿದ್ರೆಯ ಪ್ರಶ್ನೆಯನ್ನೂ ಒಂದು ಪಂಕ್ತಿಯಲ್ಲಿ ಸೇರಿಸಿದರೆ ನಮಗೆ ಉಪಕಾರವಾದೀತು.

ಇಂಥ ಸುತ್ತುದಾರಿಗೆ ಕಾರಣ, ಬಾಯಿಯನ್ನು ದೇಹದಿಂದ ಬೇರ್ಪಡಿಸಿ ಎರಡು ವೃತ್ತಿಗಳಿಗೆ ಹಂಚಿಕೊಟ್ಟ ನಮ್ಮ ವ್ಯವಸ್ಥೆ. 1840ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ದಂತವೈದ್ಯಕ್ಕೇ ಮೀಸಲಾದ ಕಾಲೇಜು ತೆರೆದಂದಿನಿಂದ ಎರಡು ವಿದ್ಯೆಗಳೂ ಎರಡು ಮನೆ ಮಾಡಿಕೊಂಡವು. ನಮ್ಮಲ್ಲಿಯೂ 1948ರ ದಂತವೈದ್ಯರ ಕಾಯಿದೆ ನಿಮಗೆ ಪ್ರತ್ಯೇಕ ಪಟ್ಟಿಯನ್ನು ಕೊಟ್ಟಿತು; 1958ರಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿಯೂ 1965ರಲ್ಲಿ ಮಣಿಪಾಲದಲ್ಲಿಯೂ ಕನ್ನಡನಾಡಿನ ದಂತವಿದ್ಯೆ ತನ್ನದೇ ಕಟ್ಟಡಗಳಲ್ಲಿ ಬೆಳೆಯತೊಡಗಿತು. ವಿದ್ಯೆಯ ಏಳಿಗೆಗೆ ಅದು ಅಗತ್ಯವಾಗಿದ್ದೀತು. ಆದರೆ ಪ್ರಾಚೀನರ ವಿಭಾಗಕ್ರಮ ಬೇರೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮುಖರೋಗಗಳು 65 ಎಂದು ಎಣಿಸುವಾಗ ತುಟಿ, ದಂತಮೂಲ, ದಂತ, ನಾಲಗೆ, ತಾಲು, ಕಂಠ ಎಲ್ಲವನ್ನೂ ಒಂದೇ ಅಧ್ಯಾಯದೊಳಗೆ ತಂದು, ದಂತಮೂಲಕ್ಕೆ 15ನ್ನೂ ಕಂಠಕ್ಕೆ 17ನ್ನೂ ಹಂಚಿದೆ. ಪೂರ್ವಿಕರಿಗೆ ಆಪ್ನಿಯಾ ಗೊತ್ತಿತ್ತೆಂದು ಸಾಧಿಸಹೊರಡುವ ಉತ್ಸಾಹ ನನಗಿಲ್ಲ. ಅಂಥ ಉತ್ಸಾಹಿಗಳು ಈಗ ಸಾಲದೆ ಹೋಗಿಲ್ಲ. ಒಸಡಿನಿಂದ ಕಂಠದವರೆಗಿನದನ್ನು ಒಂದೇ ಕ್ಷೇತ್ರವೆಂದು ನೋಡುವ ದೃಷ್ಟಿ ಈ ವಿಷಯದಲ್ಲಿ ಪ್ರಯೋಜನಕಾರಿ ಎಂದಷ್ಟೇ ನನ್ನ ಮಾತು.

ಆ ಕ್ಷೇತ್ರವು ದಿನವೂ ಒಳ್ಳೆಯ ಬೆಳಕಿನಲ್ಲಿ ಪೂರ್ಣವಾಗಿ ತೆರೆದು ಕಾಣುವುದು ನಿಮಗೆ ಮಾತ್ರ. ನಾವು ನಾಡಿ ಹಿಡಿಯುತ್ತೇವೆ, ಎದೆಯ ಸದ್ದು ಕೇಳುತ್ತೇವೆ. ನಾಲಗೆಯನ್ನು ಒಮ್ಮೆ ಚಾಚಿಸಿ ನೋಡಿದರೆ ನಮ್ಮ ಮಟ್ಟಿಗೆ ಬಾಯಿಯ ಪರೀಕ್ಷೆ ಮುಗಿಯಿತು. ನೀವಾದರೋ ಅರ್ಧ ಗಂಟೆ ಅದರೊಳಗೇ ಇರುತ್ತೀರಿ. ನಾಲಗೆಯ ಅಂಚಿನಲ್ಲಿ ಹಲ್ಲಿನ ಒತ್ತು ಬಿದ್ದು ಅಲೆಯಲೆಯಾಗಿರುವುದು, ಹಲ್ಲು ಕಡಿದು ಕಡಿದು ಮೇಲ್ಮೈ ಸವೆದಿರುವುದು, ಅಂಗುಳು ಇಕ್ಕಟ್ಟಾಗಿ ಕಮಾನಿನಂತೆ ಏರಿರುವುದು, ಕಿರುನಾಲಗೆ ಉದ್ದವಾಗಿ ಜೋತಿರುವುದು, ಕೆಳದವಡೆ ಹಿಂದುಳಿದಿರುವುದು, ಇವು ನಿಮ್ಮ ಕಣ್ಣಿಗೆ ಬೀಳದೆ ಇರಲಾರವು. ಬಾಯಿ ತೆರೆದು ನಾಲಗೆ ಚಾಚಿದಾಗ ಗಂಟಲು ಎಷ್ಟು ಕಾಣುತ್ತದೆಂಬುದನ್ನು ಶ್ರೇಣಿಗಳಾಗಿ ವಿಂಗಡಿಸುವ ಕ್ರಮವನ್ನು 1985ರಲ್ಲಿ ಪ್ರಕಟಿಸಿದವರು ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಅರಿವಳಿಕೆ ತಜ್ಞರಾಗಿದ್ದ ಶೇಷಗಿರಿರಾವ್ ಮಲ್ಲಂಪಾಟಿ. ಶಸ್ತ್ರಚಿಕಿತ್ಸೆಯ ಮುನ್ನ ಗಂಟಲಿಗೆ ನಳಿಕೆ ಇಳಿಸುವುದು ಎಷ್ಟು ಕಷ್ಟವಾದೀತೆಂದು ಅಂದಾಜು ಮಾಡಲು ಅದು ಹುಟ್ಟಿತು. ಇಂದು ಆಪ್ನಿಯಾ ಸಂಶಯಕ್ಕೂ ಸಹಾಯಕವಾಗಿದೆ. ಅದಕ್ಕೆ ಉಪಕರಣ ಬೇಡ, ಖರ್ಚಿಲ್ಲ, ಅರ್ಧ ನಿಮಿಷವೂ ಹಿಡಿಯದು. ಇದರೊಡನೆ ಕೆನಡದ ಟೊರಾಂಟೊವಿನಲ್ಲಿ ರೂಪುಗೊಂಡು 2008ರಲ್ಲಿ ಪ್ರಕಟವಾದ ಪ್ರಶ್ನಾವಳಿಯೊಂದಿದೆ: ಗೊರಕೆ ಜೋರೆ, ಹಗಲಿನಲ್ಲಿ ಆಯಾಸವೆ, ಉಸಿರು ನಿಂತುದನ್ನು ಯಾರಾದರೂ ನೋಡಿದ್ದುಂಟೆ, ರಕ್ತದೊತ್ತಡವಿದೆಯೆ, ಜೊತೆಗೆ ತೂಕ, ಐವತ್ತು ದಾಟಿದ ವಯಸ್ಸು, ನಲವತ್ತು ಸೆಂಟಿಮೀಟರಿಗೆ ಮೀರಿದ ಕೊರಳಿನ ಸುತ್ತಳತೆ, ಗಂಡು ಎಂಬುದು.

ಪ್ರಶ್ನೆ ಕೇಳುವಾಗ ನಮ್ಮ ಜನರ ಸ್ವಭಾವ ನೆನಪಿರಲಿ. ಗೊರಕೆಯೆಂದರೆ ಗಾಢನಿದ್ರೆಯ ಗುರುತೆಂದು ನಮ್ಮಲ್ಲಿ ಬಲವಾದ ನಂಬಿಕೆ. ಕುಂಭಕರ್ಣನೆಂದು ಹಾಸ್ಯ ಮಾಡುತ್ತಾರೆಯೇ ಹೊರತು ಆತ ನಿದ್ದೆಯನ್ನೇ ಮಾಡುತ್ತಿಲ್ಲವೆಂದು ಯಾರಿಗೂ ತೋರದು. ಹಲ್ಲು ಸಡಿಲವಾಗುವುದನ್ನೂ ಹೀಗೆಯೇ ವಯೋಧರ್ಮವೆಂದು ಒಪ್ಪಿಕೊಂಡುಬಿಟ್ಟಿದ್ದಾರೆ. ನೋವಿಲ್ಲದೆ ನಡೆಯುವ ಈ ಎರಡು ವ್ಯಾಧಿಗಳಲ್ಲಿಯೂ ರೋಗಿಯೇ ಕಡೆಗೆ ತಿಳಿಯುವವನು. ಮೊದಲು ತಿಳಿದಿರುವವರು ಪಕ್ಕದಲ್ಲಿ ನಿದ್ದೆಗೆಟ್ಟವರು. ಆದುದರಿಂದ ಜೊತೆಗೆ ಬಂದ ಹೆಂಡತಿಯನ್ನೋ ಮಗನನ್ನೋ ಒಳಗೆ ಕರೆದು ಕೇಳಿದರೆ ಸತ್ಯ ಬೇಗ ಹೊರಬೀಳುತ್ತದೆ. ಹೆಂಗಸರ ವಿಷಯ ಇನ್ನೂ ಸೂಕ್ಷ್ಮ. ಗಂಡಸಿನ ಗೊರಕೆ ಮನೆಯ ವಿನೋದ. ಹೆಂಗಸಿನ ಗೊರಕೆ ನಾಚಿಕೆಯ ಸಂಗತಿ. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿ ಈ ವ್ಯಾಧಿ ಹೆಚ್ಚುತ್ತದೆ. ಆದರೆ ಅವರು ಗೊರಕೆಯನ್ನು ಹೇಳಿಕೊಳ್ಳದೆ, ನಿದ್ದೆ ಬಾರದು, ಸುಸ್ತು, ತಲೆನೋವು, ಬೇಸರ ಎಂದೇ ಹೇಳುವರು. ನಾವೂ ಮನಸ್ಸಿನ ಕಾಯಿಲೆ ಎಂದೋ ರಕ್ತಹೀನತೆ ಎಂದೋ ತೀರ್ಮಾನಿಸಿಬಿಡುವೆವು. ಅವರನ್ನು ಕೇಳಬೇಕಾದ ಪ್ರಶ್ನೆ, ಬೆಳಗ್ಗೆ ಏಳುವಾಗ ಬಾಯಿ ಒಣಗಿರುತ್ತದೆಯೆ ಎಂಬುದು. ಹಲ್ಲಿನ ವೈದ್ಯರು ಬಾಯಿಯ ವಿಷಯ ಕೇಳಿದರೆ ಸಂಕೋಚವೇನಿದೆ?

ಕೇಳುವುದರಿಂದ ರೋಗಿಗೆ ಲಾಭವಷ್ಟೇ ಅಲ್ಲ, ನಿಮ್ಮ ಕೆಲಸಕ್ಕೂ ರಕ್ಷಣೆಯಿದೆ. ಭಯಗೊಂಡ ರೋಗಿಗೆ ನಿದ್ದೆ ಬರಿಸುವ ಮಾತ್ರೆ ಕೊಟ್ಟು ಅಂಗಾತ ಮಲಗಿಸಿ ಚಿಕಿತ್ಸೆ ಮಾಡುವಾಗ, ಆತನಿಗೆ ಗುಪ್ತವಾದ ಆಪ್ನಿಯಾ ಇದ್ದರೆ ಆ ಮಾತ್ರೆ ಗಂಟಲಿನ ಸ್ನಾಯುಗಳನ್ನು ಮತ್ತಷ್ಟು ಸಡಿಲಗೊಳಿಸಿ ಅಪಾಯ ತಂದೀತು.

ಚಿಕಿತ್ಸೆಯ ಹಂತದಲ್ಲಿಯಂತೂ ನೀವಿಲ್ಲದೆ ನಡೆಯದು. ಕೆಳದವಡೆಯನ್ನು ಮುಂದಕ್ಕೆ ಹಿಡಿದು ನಾಲಗೆಯ ಬುಡವನ್ನು ಎತ್ತಿ ನಿಲ್ಲಿಸುವ ಉಪಕರಣವನ್ನು ಫ್ರಾನ್ಸಿನ ದಂತಶಾಸ್ತ್ರಜ್ಞ ಪಿಯೆರ್ ರೊಬ್ಯಾನ್ 1902ರಷ್ಟು ಹಿಂದೆಯೇ ಕಲ್ಪಿಸಿದ್ದರು. ಅದರ ಸಂತತಿಯೇ ಇಂದು ಸಿಪ್ಯಾಪ್ ಯಂತ್ರವನ್ನು ಸಹಿಸಲಾರದವರಿಗೂ ಸೌಮ್ಯ ರೋಗದವರಿಗೂ ಆಸರೆಯಾಗಿರುವುದು. ಆ ಉಪಕರಣ ರಾತ್ರಿಯಿಡೀ ದವಡೆಯನ್ನು ಎಳೆದು ಹಿಡಿಯುವುದು ಹಲ್ಲುಗಳ ಆಧಾರದ ಮೇಲೆ. ಹಲ್ಲುಗಳು ಒಸಡಿನ ರೋಗದಿಂದ ಸಡಿಲಗೊಂಡಿದ್ದರೆ ಆ ಭಾರವನ್ನು ಹೊರಲಾರವು, ಹೊತ್ತರೂ ಜರುಗುತ್ತವೆ. ಗಟ್ಟಿಯಾದ ಹಲ್ಲುಗಳಲ್ಲಿಯೇ ವರ್ಷಗಳ ಬಳಕೆಯಿಂದ ಮೇಲಿನವು ಹಿಂದಕ್ಕೂ ಕೆಳಗಿನವು ಮುಂದಕ್ಕೂ ಸ್ವಲ್ಪ ವಾಲುವುದುಂಟೆಂದ ಮೇಲೆ ಸಡಿಲ ಹಲ್ಲಿನ ಪಾಡೇನು? ಒಸಡನ್ನು ನಲವತ್ತರಲ್ಲಿ ಅಲಕ್ಷಿಸಿದವನು ಐವತ್ತರಲ್ಲಿ ಆಪ್ನಿಯಾಕ್ಕೆ ಇರುವ ಒಂದು ಉತ್ತಮ ಚಿಕಿತ್ಸೆಯ ಅರ್ಹತೆಯನ್ನೇ ಕಳೆದುಕೊಳ್ಳುತ್ತಾನೆ. ಹಲ್ಲೆಲ್ಲ ಹೋದ ಮೇಲಿನ ಸಂಗತಿಯೂ ಯೋಚಿಸತಕ್ಕದ್ದೆ: ಹಲ್ಲಿಲ್ಲದ ದವಡೆಗಳ ನಡುವಣ ಎತ್ತರ ಕುಗ್ಗಿ, ನಾಲಗೆ ಹಿಂದಕ್ಕೆ ಬೀಳಲು ಅನುಕೂಲವಾಗುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ಬಿಚ್ಚಿ ನೀರಿನಲ್ಲಿಡಿ ಎಂಬ ನಿಮ್ಮ ಸಹಜವಾದ ಸಲಹೆ ಅಂಗುಳಿನ ಆರೋಗ್ಯಕ್ಕೆ ಯುಕ್ತವೇ. ಆದರೆ ಆಪ್ನಿಯಾ ಇರುವ ವೃದ್ಧರ ವಿಷಯದಲ್ಲಿ ಅದನ್ನು ನಿದ್ರಾವೈದ್ಯರೊಡನೆ ಸಮಾಲೋಚಿಸಿಯೇ ಹೇಳುವುದು ಮೇಲು.

ಸಿಪ್ಯಾಪ್ ಯಂತ್ರವನ್ನು ಬಳಸುವವರನ್ನೂ ಮರೆಯಬೇಡಿರಿ. ಮೂಗಿನ ಮುಸುಕಿನಿಂದ ಬಂದ ಗಾಳಿ ತೆರೆದ ಬಾಯಿಂದ ಸೋರಿಹೋದರೆ ಶುಷ್ಕತೆ ಮೊದಲಿಗಿಂತ ಹೆಚ್ಚೀತು. ಅಂಥವರಿಗೆ ಗಾಳಿಗೆ ತೇವ ಕೂಡಿಸುವ ಪಾತ್ರೆಯೋ, ಬಾಯನ್ನೂ ಮುಚ್ಚುವ ಮುಸುಕೋ ಉಂಟೆಂದು ತಿಳಿಸುವುದು ಒಳಿತು. ಬಾಯಿ ಒಣಗುತ್ತದೆಂದು ಯಂತ್ರವನ್ನೇ ಅಟ್ಟಕ್ಕೆ ಹಾಕಿದವರು ಹಲವರಿದ್ದಾರೆ. ಈಚೆಗೆ ರಾತ್ರಿ ಬಾಯಿಗೆ ಅಂಟುಪಟ್ಟಿ ಹಾಕಿಕೊಂಡು ಮಲಗುವ ವಿಚಿತ್ರವೊಂದು ಯುವಜನರಲ್ಲಿ ಹಬ್ಬಿದೆ. ಮೂಗು ಕಟ್ಟಿದವನಿಗೂ ಪರೀಕ್ಷೆಯಾಗದ ಆಪ್ನಿಯಾ ಇರುವವನಿಗೂ ಅದು ಉಳಿದಿದ್ದ ಒಂದು ಬಾಗಿಲನ್ನೂ ಮುಚ್ಚಿದಂತೆ. ಕೇಳಿದವರಿಗೆ ಬೇಡವೆಂದು ನಿಷ್ಠುರವಾಗಿಯೇ ಹೇಳಿರಿ.

ನೀವು ರೋಗವನ್ನು ನಿರ್ಣಯಿಸಬೇಕೆಂದು ಯಾರೂ ಕೇಳುತ್ತಿಲ್ಲ. ನಿರ್ಣಯಕ್ಕೆ ರಾತ್ರಿಯ ಪರೀಕ್ಷೆ ಆಗಬೇಕು. ಬೆಂಗಳೂರಿನ ನಿಮ್ಹಾನ್ಸಿನಂಥ ಸಂಸ್ಥೆಗಳಲ್ಲಿಯೂ ದೊಡ್ಡ ಆಸ್ಪತ್ರೆಗಳಲ್ಲಿಯೂ ಅದಕ್ಕೆ ಏರ್ಪಾಡುಗಳಿವೆ, ಮನೆಯಲ್ಲಿಯೇ ಬೆರಳಿಗೆ ಕ್ಲಿಪ್ಪು ಹಾಕಿ ಮೂಗಿನ ಬಳಿ ನಳಿಕೆಯಿರಿಸಿ ಮಾಡುವ ಸರಳ ವಿಧಾನವೂ ಬಂದಿದೆ. ನಿಮ್ಮಿಂದ ಬೇಕಾದದ್ದು ಚೀಟಿಯೊಂದು ಮಾತ್ರ. ಅದರಲ್ಲಿ ಒಸಡಿನ ಚೀಲಗಳ ಆಳ, ಬಾಯಿಯ ಶುಷ್ಕತೆ, ಗಂಟಲಿನ ಶ್ರೇಣಿ, ಮನೆಯವರು ಹೇಳಿದ ಗೊರಕೆಯ ವರ್ಣನೆ, ಸೇವಿಸುತ್ತಿರುವ ಮಾತ್ರೆಗಳ ಹೆಸರು ಇಷ್ಟಿದ್ದರೆ ಸಾಕು. ನಮ್ಮಲ್ಲಿ ಕೆಲವರು ದಂತವೈದ್ಯರ ಚೀಟಿಯನ್ನು ಓದದೆ ಮಡಿಸಿಡುವ ಅಹಂಕಾರದವರಿದ್ದಾರೆಂಬುದನ್ನು ನಾನು ಮುಚ್ಚಿಡಲಾರೆ. ಅದಕ್ಕಾಗಿ ಅದರ ಒಂದು ಪ್ರತಿಯನ್ನು ರೋಗಿಯ ಕೈಗೇ ಕೊಟ್ಟು, ಅದರಲ್ಲಿರುವುದನ್ನು ಅವನ ಭಾಷೆಯಲ್ಲಿ ಅವನಿಗೆ ಹೇಳಿ, ಮುಂದಿನ ಸಲ ಹಲ್ಲಿನ ಕೆಲಸಕ್ಕೆ ಬಂದಾಗ, ಪರೀಕ್ಷೆ ಮಾಡಿಸಿದಿರಾ ಎಂದು ಕೇಳಿರಿ. ಹಾಗೆಯೇ ಆಪ್ನಿಯಾ ನಿಶ್ಚಯವಾದವರನ್ನು ಒಸಡಿನ ಪರೀಕ್ಷೆಗೆ ನಿಮ್ಮಲ್ಲಿಗೆ ಕಳುಹಿಸಬೇಕೆಂದು ನನ್ನ ವೃತ್ತಿಬಾಂಧವರನ್ನು ಕೇಳಿಕೊಳ್ಳುವ ಇನ್ನೊಂದು ಪತ್ರವನ್ನು ಬರೆಯುವುದು ನನ್ನ ಪಾಲಿನ ಕೆಲಸ.

ಇತಿ,
ನಿಮ್ಮ ವಿಶ್ವಾಸಿ,
ನಿವೃತ್ತ ವೈದ್ಯನೊಬ್ಬ